‘ಊಟ ಮಾಡಿಲ್ಲ, ಎರಡೇ ಇಡ್ಲಿ ತಿಂದೆ’

ಹರ್ನಿಯಾ ಆಪರೇಷನ್ನಿಗೆ ಬರುವವರಿಗೆ ‘ಬೆಳಿಗ್ಗೆ ಊಟ ಮಾಡಬೇಡಿ’ ಅಂದರೆ ಊಟ ಮಾಡುವುದಿಲ್ಲ, ತಿಂಡಿ ತಿಂದು ಬರುತ್ತಾರೆ. ತಪ್ಪು ಅವರದಲ್ಲ. ನಮ್ಮಲ್ಲಿ ಊಟ ಬೇರೆ, ತಿಂಡಿ ಬೇರೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಹೆಸರು ಹಿಡಿದು ಹೇಳುತ್ತೇನೆ: ‘ರಾತ್ರಿ ಊಟ ಆದ ಮೇಲೆ ಇಡ್ಲಿ, ಬಿಸ್ಕತ್ತು, ಹಾಲು, ಕಾಫಿ, ಟೀ, ಎಲೆ ಅಡಿಕೆ ಯಾವುದೂ ಬೇಡ.’ ಬರೀ ನೀರಿಗೆ ಮಾತ್ರ ಆಪರೇಷನ್ನಿಗೆ 2 ಗಂಟೆ ಮುಂಚಿನವರೆಗೆ ಅವಕಾಶ.

ಡಿಸ್ಚಾರ್ಜ್ ಚೀಟಿಯ ‘1-0-1’ ಓದು ಬಾರದವರಿಗೆ ಬರೀ ಗೆರೆ. ಮಾತ್ರೆಗಳನ್ನು ಸ್ಟ್ರಿಪ್ ಸಮೇತ ಬೇರೆ ಬೇರೆ ಕವರಿಗೆ ಹಾಕಿ, ಮೇಲೆ ಸೂರ್ಯ, ಚಂದ್ರ ಬರೆಯುತ್ತೇನೆ. ಆಂಟಿಬಯೋಟಿಕ್ ದಿನಕ್ಕೆರಡರಂತೆ 5 ದಿನಕ್ಕೆ ಬರೆದಿದ್ದರೆ ಎಣಿಸಿ ಹತ್ತೇ ಹಾಕುವುದು: ‘ಈ ಕವರ್ ಖಾಲಿ ಆಗಲೇಬೇಕು.’ ನೋವಿನ ಮಾತ್ರೆಯ ಜೊತೆ ಬೆರೆತರೆ, ನೋವು ಹೋದ ದಿನವೇ ಎರಡೂ ನಿಲ್ಲುತ್ತವೆ.

ಎಲ್ಲಕ್ಕಿಂತ ಕಷ್ಟ ‘ನಂಜು’. ಕೀವಾಗುತ್ತದೆಂದು ಬದನೆಕಾಯಿ, ಮೊಟ್ಟೆ, ಮೀನು, ಕೆಲವು ಮನೆಗಳಲ್ಲಿ ಬೇಳೆಯನ್ನೂ ಬಿಡಿಸಿ ಬರೀ ಗಂಜಿ ಕೊಡುತ್ತಾರೆ. ‘ಅದೆಲ್ಲ ಸುಳ್ಳು’ ಅಂದರೆ ತಲೆಯಾಡಿಸಿ, ಮನೆಗೆ ಹೋಗಿ ಗಂಜಿಯನ್ನೇ ಕಾಯಿಸುತ್ತಾರೆ. ಬದನೆಕಾಯಿಗೆ ನಾನು ವಾದ ಮಾಡುವುದಿಲ್ಲ, ಬಿಟ್ಟರೂ ನಷ್ಟವಿಲ್ಲ. ಗಾಯ ಕೂಡಲು ಪ್ರೋಟೀನು ಬೇಕು, ಹಾಗಾಗಿ ಬೇಳೆ, ಮೊಟ್ಟೆ, ಮೊಸರನ್ನು ಮಾತ್ರ ಪಟ್ಟು ಹಿಡಿದು ಉಳಿಸಿಕೊಳ್ಳುತ್ತೇನೆ. ಇದನ್ನು ಬಿಲ್ ಕಟ್ಟಲು ಬಂದ ಮಗನಿಗಲ್ಲ, ಒಲೆ ಮುಂದೆ ನಿಲ್ಲುವವರಿಗೆ ಹೇಳಬೇಕು. ಅವರು ಬಂದಿಲ್ಲದಿದ್ದರೆ ಫೋನಿನಲ್ಲಾದರೂ ಸರಿ.

‘ಭಾರ ಎತ್ತಬೇಡಿ’ ಎಂಬುದೂ ಸಾಲದು. ದಿನಾ ಮೂಟೆ ಹೊರುವವರಿಗೆ ತುಂಬಿದ ಬಿಂದಿಗೆ ಭಾರವೇ ಅಲ್ಲ. ಬಿಂದಿಗೆ, ಹುಲ್ಲಿನ ಹೊರೆ, ಮೊಮ್ಮಗು, ಗ್ಯಾಸ್ ಸಿಲಿಂಡರ್ ಎಂದು ಒಂದೊಂದನ್ನೇ ಹೇಳುತ್ತೇನೆ. ಆದರೆ ಮಲಗೇ ಇರಬಾರದು, ನಡೆಯಬೇಕು. ಕೆಮ್ಮು ಬಂದರೆ ಗಾಯದ ಮೇಲೆ ದಿಂಬು ಒತ್ತಿ ಹಿಡಿಯುವುದನ್ನು ಅವರ ಕೈಯಲ್ಲೇ ಮಾಡಿಸಿ ನೋಡುತ್ತೇನೆ.

‘ಗೊತ್ತಾಯ್ತಾ?’ ಎಂದರೆ ಎಲ್ಲರದೂ ‘ಹೂಂ’. ಅದರ ಬದಲು, ‘ಅಮ್ಮಾ, ಪಕ್ಕದ ಮನೆಯವರು ಗಾಯಕ್ಕೆ ಅರಿಶಿನ ಹಚ್ಚು ಅಂದ್ರೆ ಏನಂತೀರಿ?’ ಉತ್ತರ ತಪ್ಪಿದರೆ ನಾನು ಹೇಳಿದ್ದೇ ಸರಿಯಿಲ್ಲವೆಂದು, ಬೇರೆ ಮಾತಿನಲ್ಲಿ ಮತ್ತೆ ಹೇಳಿ ಮತ್ತೆ ಕೇಳುತ್ತೇನೆ.

ಹೊಲಿಗೆ ಬಿಚ್ಚುವ ದಿನಕ್ಕೆ ತಾರೀಕಿಗಿಂತ ‘ಬರೋ ಸಂತೆಯ ಮಾರನೇ ದಿನ’ ಅಂದರೆ ನೆನಪಿರುತ್ತದೆ. ಗಾಯ ಕೆಂಪಾಗಿ ಊದಿದರೆ, ಕೀವು ಇಳಿದರೆ, ಚಳಿಜ್ವರ ಬಂದರೆ ಅಲ್ಲಿವರೆಗೂ ಕಾಯುವುದಲ್ಲ, ಅವತ್ತೇ ಬರಬೇಕು.