ತೀರ್ಥನ್ ಹೊಳೆಯಲ್ಲಿ ಟ್ರೌಟ್‌ಗೆ ಸ್ಪೂನ್ ಗಾಳ

ಕಾವೇರಿಯಲ್ಲಿ ಬಿಳಿಮೀನಿಗೆ (ಮಹಶೀರ್) ರಾಗಿ ಉಂಡೆ ಕಟ್ಟಿ ಗಂಟೆಗಟ್ಟಲೆ ಕಾದವರಿಗೆ ಟ್ರೌಟ್ ಹಿಡಿಯುವುದು ಅವಸರದವರ ಆಟದಂತೆ ಕಾಣಬಹುದು. ಇಲ್ಲಿ ಕೂತು ಕಾಯುವ ಮಾತಿಲ್ಲ. ಎಸೆಯಬೇಕು, ಸುತ್ತಬೇಕು, ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಎಸೆಯಬೇಕು. ಹಾಗಿದ್ದೂ ಹೊಸಬರು ಬರಿಗೈಯಲ್ಲಿ ವಾಪಸಾಗುವುದು ಹೆಚ್ಚಾಗಿ ಅವಸರದಿಂದಲೇ. ರೀಲನ್ನು ಗರಗರ ಸುತ್ತಿಬಿಡುತ್ತಾರೆ. ಸ್ಪೂನನ್ನು, ಅಂದರೆ ಮೀನನ್ನು ಸೆಳೆಯುವ ಕೊಕ್ಕೆಯ ತಗಡನ್ನು, ಆಡಿಸುವ ಕೆಲಸ ಹೊಳೆಯದು. ದಾರ ಸಡಿಲಾಗದಂತೆ ನೋಡಿಕೊಳ್ಳುವುದಷ್ಟೇ ನಮ್ಮದು.

ಎಲ್ಲಿ, ಯಾವಾಗ

ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಮ್ಲಜನಕ ಸಾಲದೆ ಒದ್ದಾಡುತ್ತದೆ. ಬ್ರೌನ್ ಟ್ರೌಟ್ ನಮ್ಮ ದೇಶದ ಮೂಲದ್ದೂ ಅಲ್ಲ. ಬ್ರಿಟಿಷರ ಕಾಲದಲ್ಲಿ, 1900ರ ಸುಮಾರಿಗೆ, ಮೊಟ್ಟೆಗಳನ್ನು ಹಡಗಿನಲ್ಲಿ ತರಿಸಿ ಕಾಶ್ಮೀರದಲ್ಲಿ ಬೆಳೆಸಿದರು. ಕೆಲವು ವರ್ಷಗಳಲ್ಲಿ ಅದು ಕುಲು ಕಣಿವೆಗೂ ಬಂತು. ಹಿಮಾಚಲದ ತೀರ್ಥನ್ ಹೊಳೆಯಲ್ಲಿ ಈಗ ಅದು ತಾನಾಗಿಯೇ ಸಂತಾನ ಬೆಳೆಸಿಕೊಂಡು ನೆಲೆಯಾಗಿದೆ.

ಮಂಡಿ ದಾಟಿ ಔಟ್ ಸುರಂಗದ ಬಳಿ ಹೆದ್ದಾರಿ ಬಿಟ್ಟು ತಿರುಗಿದರೆ ಲಾರ್ಜಿ, ಮುಂದೆ ಬಂಜಾರ್, ಅಲ್ಲಿಂದ ಮೇಲಕ್ಕೆ ನಾಗಿನಿ, ಗುಶೈನಿ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಗಾಳ ಒಯ್ಯುವಂತಿಲ್ಲ. ಅದರ ಹೊರಗಿನ ಹೊಳೆಯೇ ನಮಗೆ ಸಾಕಷ್ಟಿದೆ.

ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಟ್ರೌಟ್ ಹಿಡಿಯುವುದು ನಿಷಿದ್ಧ. ಚಳಿಗಾಲದಲ್ಲಿ ಹೆಣ್ಣು ಮೀನು ಹೊಳೆಯ ತಳದ ಜಲ್ಲಿಯನ್ನು ಬಾಲದಿಂದ ಕೆದಕಿ ಮೊಟ್ಟೆ ಇಡುತ್ತದೆ. ಉಳಿದ ತಿಂಗಳುಗಳಲ್ಲೂ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದೆಂದು ಪರವಾನಗಿ ಪಡೆಯುವಾಗಲೇ ಕೇಳಿ ತಿಳಿದುಕೊಳ್ಳಿ. ನನ್ನನ್ನು ಕೇಳಿದರೆ ಮಾರ್ಚ್–ಏಪ್ರಿಲ್ ಅಥವಾ ಮಳೆ ನಿಂತ ಮೇಲಿನ ಅಕ್ಟೋಬರ್ ಒಳ್ಳೆಯದು. ಮೇ–ಜೂನ್‌ನಲ್ಲಿ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ನೀರು ಏರಿ ಮಸುಕಾಗುತ್ತದೆ. ಜುಲೈ–ಆಗಸ್ಟ್‌ನಲ್ಲಿ ಮಳೆ, ಕೆಸರು. ಆಗ ಮನೆಯಲ್ಲಿರುವುದೇ ವಾಸಿ.

ಸಾಮಾನು

ಆರರಿಂದ ಏಳು ಅಡಿಯ ಹಗುರ ಸ್ಪಿನ್ನಿಂಗ್ ರಾಡ್, ಸಣ್ಣ ರೀಲು, ಆರು ಪೌಂಡ್ ತಡೆಯುವ ನೈಲಾನ್ ದಾರ. ಇದಕ್ಕಿಂತ ದಪ್ಪ ದಾರ ಹಾಕಿದರೆ ಹಗುರ ಸ್ಪೂನು ದೂರ ಹಾರುವುದಿಲ್ಲ. ದಾರದ ತುದಿಗೆ ಪುಟ್ಟ ಸ್ವಿವೆಲ್ (ತಿರುಗುವ ಕೊಂಡಿ) ಕಟ್ಟಲೇಬೇಕು. ಸ್ಪೂನು ತಿರುಗಿ ತಿರುಗಿ ದಾರ ಹುರಿಗೊಂಡರೆ, ಆಮೇಲೆ ಅದನ್ನು ಬಿಡಿಸುವುದರಲ್ಲೇ ಬೆಳಗು ಕಳೆದುಹೋಗುತ್ತದೆ.

ಸ್ಪೂನು ಎಂದರೆ ಚಮಚದ ಬಟ್ಟಲಿನಂತೆ ಬಾಗಿದ ಲೋಹದ ತಗಡು. ದೋಣಿಯಿಂದ ನೀರಿಗೆ ಬಿದ್ದ ಚಮಚಕ್ಕೆ ಮೀನು ಬಾಯಿ ಹಾಕಿದ್ದನ್ನು ಕಂಡು ಅಮೆರಿಕದ ಜೂಲಿಯೋ ಬ್ಯೂಯೆಲ್‌ಗೆ ಇದು ಹೊಳೆಯಿತೆಂಬ ಕಥೆಯಿದೆ. ಕಥೆ ನಿಜವೋ ಸುಳ್ಳೋ, 1852ರಲ್ಲಿ ಆತ ಪೇಟೆಂಟ್ ಪಡೆದದ್ದಂತೂ ನಿಜ. ನಮ್ಮ ಕೆಲಸಕ್ಕೆ 3ರಿಂದ 7 ಗ್ರಾಂ ತೂಕದವು ಸಾಕು. ತೆಳುವಾದ ಅಗಲ ಸ್ಪೂನು ನಿಧಾನವಾಗಿ ಮುಳುಗುತ್ತದೆ, ಹೆಚ್ಚು ಓಲಾಡುತ್ತದೆ. ತಿಳಿಯಾದ, ಆಳವಿಲ್ಲದ ನೀರಿಗೆ ಅದು. ದಪ್ಪನೆಯ ಕಿರಿದಾದದ್ದು ಬೇಗ ತಳ ಸೇರುತ್ತದೆ, ಮಡುವಿಗೆ ಇದು. ಬಿಸಿಲಿದ್ದರೆ ಬೆಳ್ಳಿ ಬಣ್ಣ, ಮೋಡವಿದ್ದರೆ ಅಥವಾ ನೀರು ಕದಡಿದ್ದರೆ ತಾಮ್ರ, ಚಿನ್ನದ ಬಣ್ಣ. ಇದಕ್ಕಿಂತ ಹೆಚ್ಚು ಬಣ್ಣಗಳು ಅಂಗಡಿಯವನಿಗೆ ಲಾಭ, ಮೀನಿಗಲ್ಲ.

ಅಂಗಡಿಯ ಸ್ಪೂನಿಗೆ ಸಾಮಾನ್ಯವಾಗಿ ಮೂರು ಮೊನೆಯ ಕೊಕ್ಕೆ ಇರುತ್ತದೆ. ಅದನ್ನು ತೆಗೆದು ಒಂಟಿ ಕೊಕ್ಕೆ ಹಾಕಿ, ಅದರ ಹಿಂಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಮೀನನ್ನು ಗಾಯವಾಗದಂತೆ ಬಿಡಲು ಅನುಕೂಲ. ಕಲ್ಲಿಗೆ ಸಿಕ್ಕಿಬೀಳುವುದೂ ಕಡಿಮೆ.

ಎಸೆಯುವ ಮುನ್ನ

ಟ್ರೌಟ್ ನೀರು ಹರಿದುಬರುವ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ, ಊಟ ಬರುವುದು ಅತ್ತಲಿಂದ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಕಡೆಯಿಂದ ಹೋಗಿ. ಬೂಟಿನ ಸದ್ದು ಕಲ್ಲಿನ ಮೂಲಕ ನೀರಿಗಿಳಿಯುತ್ತದೆ. ನಿಮ್ಮ ನೆರಳು ನೀರಿನ ಮೇಲೆ ಬಿತ್ತೋ, ಆ ಜಾಗ ಅರ್ಧ ಗಂಟೆ ದಂಡ.

ನೋಡಬೇಕಾದದ್ದು ರಭಸದ ನೀರಲ್ಲ, ರಭಸದ ಪಕ್ಕದ ನೀರು. ದೊಡ್ಡ ಬಂಡೆಯ ಹಿಂದೆ ನೀರು ಮಂದವಾಗುವ ಜಾಗ, ಬಿಳಿ ನೊರೆ ಮುಗಿದು ಹಸಿರು ಶುರುವಾಗುವ ಗೆರೆ, ದಡದ ಬೇರಿನ ಕೆಳಗಿನ ಪೊಟರೆ. ಮೀನು ಶಕ್ತಿ ಖರ್ಚು ಮಾಡದೆ ಮಂದ ನೀರಿನಲ್ಲಿ ನಿಂತು, ಪಕ್ಕದ ಸೆಳವಿನಲ್ಲಿ ಬಂದದ್ದನ್ನು ಹಿಡಿದು ಮತ್ತೆ ಒಳಗೆ ಸರಿಯುತ್ತದೆ.

ಎಸೆತ, ಎಳೆತ

ಮೊದಲು ಹೊಳೆಗೆ ಅಡ್ಡಲಾಗಿ, ತುಸು ಮೇಲ್ಮುಖವಾಗಿ ಎಸೆಯಿರಿ. ಸ್ಪೂನು ಬಂಡೆಯ ಮೇಲ್ಬದಿಗೆ ಬಿದ್ದು, ಅದರ ಪಕ್ಕದಲ್ಲಿ ಜಾರಿಕೊಂಡು ಬರಬೇಕು. ನೀರು ಮುಟ್ಟಿದ ಕೂಡಲೇ ಸುತ್ತಬೇಡಿ. ಮನಸ್ಸಿನಲ್ಲೇ ಒಂದು, ಎರಡು ಎಣಿಸಿ, ಮಡುವಾದರೆ ಐದರವರೆಗೆ. ತಳಕ್ಕೆ ತಾಗಿದರೆ ಮುಂದಿನ ಸಲ ಒಂದು ಕಡಿಮೆ ಎಣಿಸಿ.

ಈಗ ರಾಡಿನ ತುದಿ ನೋಡಿ. ಸ್ಪೂನು ಸರಿಯಾಗಿ ಓಲಾಡುತ್ತಿದ್ದರೆ ತುದಿ ಸಣ್ಣಗೆ, ಒಂದೇ ಲಯದಲ್ಲಿ ಅದುರುತ್ತದೆ. ಅದುರು ನಿಂತರೆ ನೀವು ತೀರಾ ನಿಧಾನ. ತುದಿ ಬಿಗಿಯಾಗಿ ಬಾಗಿ ಸ್ಪೂನು ಗಿರಗಿರ ತಿರುಗಿದರೆ ತೀರಾ ವೇಗ. ಅದುರು ಉಳಿಯುವಷ್ಟು ಕನಿಷ್ಠ ವೇಗವೇ ಸರಿಯಾದ ವೇಗ. ಮೇಲಿನಿಂದ ನಿಮ್ಮತ್ತ ಬರುವಾಗ ಹೊಳೆಗಿಂತ ಸ್ವಲ್ಪ ಬೇಗ ಸುತ್ತಬೇಕು. ಎದುರಿಗೆ ಬಂದ ಮೇಲೆ ಕಡಿಮೆ ಮಾಡಿ. ಕೆಳಗೆ ಇಳಿದು ದಡದತ್ತ ಕಮಾನಿನಂತೆ ತಿರುಗುವಾಗ ಸುತ್ತುವುದನ್ನೇ ನಿಲ್ಲಿಸಿ. ಸೆಳವೇ ಸ್ಪೂನನ್ನು ಎತ್ತಿ ಆಡಿಸುತ್ತದೆ. ದಾರ ನೇರವಾದ ಮೇಲೂ ನಾಲ್ಕೈದು ಸೆಕೆಂಡ್ ಹಾಗೇ ಬಿಡಿ. ಅಷ್ಟು ದೂರ ಹಿಂಬಾಲಿಸಿ ಬಂದ ಮೀನು ಬಾಯಿ ಹಾಕುವುದು ಬಹಳ ಸಲ ಅಲ್ಲೇ, ಆತುರದವರು ಎಳೆದುಬಿಡುವ ಹೊತ್ತಿನಲ್ಲಿ.

ಒಂದು ಜಾಗಕ್ಕೆ ನಾಲ್ಕೈದು ಎಸೆತ. ಆಗಲಿಲ್ಲವೇ, ಮುಂದಿನ ಬಂಡೆಗೆ ಹೋಗಿ.

ಸ್ಪೂನು ಕಲ್ಲಿಗೆ ಸಿಕ್ಕರೆ ಜಗ್ಗಬೇಡಿ. ಜಗ್ಗಿದಷ್ಟೂ ಕಚ್ಚಿಕೊಳ್ಳುತ್ತದೆ. ಮೇಲೆ ಅಥವಾ ಕೆಳಗೆ ನಡೆದು, ಹೊಕ್ಕ ದಿಕ್ಕಿಗೆ ವಿರುದ್ಧವಾಗಿ ಮೆಲ್ಲಗೆ ಎಳೆದರೆ ಹೆಚ್ಚಾಗಿ ಬಿಟ್ಟುಕೊಳ್ಳುತ್ತದೆ. ಎರಡು ನೂರು ರೂಪಾಯಿಯ ತಗಡಿಗಾಗಿ ಸೊಂಟದ ಮಟ್ಟದ ಸೆಳವಿಗೆ ಮಾತ್ರ ಇಳಿಯಬೇಡಿ.

ಕಚ್ಚಿದ ಮೇಲೆ

ಅದುರುತ್ತಿದ್ದ ತುದಿ ಒಮ್ಮೆಗೇ ತಡೆದು ನಿಂತಂತಾಗುತ್ತದೆ, ಮರುಕ್ಷಣ ರಾಡ್ ಬಾಗುತ್ತದೆ. ಜೋರಾಗಿ ಹಿಂದಕ್ಕೆಳೆಯುವುದು ಬೇಡ, ರಾಡನ್ನು ಪಕ್ಕಕ್ಕೆ ಸರಿಸಿದರೆ ಸಾಕು. ಬ್ರೌನ್ ಟ್ರೌಟ್ ನೇರ ಬಂಡೆಯಡಿಗೆ ನುಗ್ಗಲು ನೋಡುತ್ತದೆ, ಆ ಕಡೆಗೆ ಬಿಡಬಾರದು. ಇನ್ನೊಂದು ಜಾತಿಯಾದ ರೇನ್‌ಬೋ ಟ್ರೌಟ್ ಆದರೆ ಮೇಲಕ್ಕೆ ಹಾರುತ್ತದೆ, ಆಗ ತುದಿ ತಗ್ಗಿಸಿ. ಹಿಂಮುಳ್ಳಿಲ್ಲದ ಕೊಕ್ಕೆಗೆ ದಾರ ಸಡಿಲಾದರೆ ಮೀನು ಹೋಯಿತು. ರೀಲಿನ ಡ್ರ್ಯಾಗನ್ನು (ಮೀನು ಎಳೆದಾಗ ದಾರ ಬಿಡುವ ಬಿಗಿತವನ್ನು) ದಾರದ ಶಕ್ತಿಯ ಕಾಲುಭಾಗಕ್ಕೆ ಜಾರುವಂತೆ ಮೊದಲೇ ಹೊಂದಿಸಿಟ್ಟಿರಿ.

ಬಿಡುವ ಮೀನನ್ನು ಒಣಗೈಯಲ್ಲಿ ಮುಟ್ಟಬೇಡಿ, ಮೈಮೇಲಿನ ಲೋಳೆ ಹೋದರೆ ಸೋಂಕು ತಗಲುತ್ತದೆ. ನೀರಿನಲ್ಲೇ ಇಟ್ಟು ಇಕ್ಕಳದಿಂದ ಕೊಕ್ಕೆ ಬಿಡಿಸಿ, ತಲೆಯನ್ನು ಸೆಳವಿನ ಎದುರಿಗೆ ಹಿಡಿದು, ಅದು ತಾನಾಗಿ ಕೈಯಿಂದ ಜಾರುವವರೆಗೆ ಕಾಯಿರಿ. ಕಿವಿರಿಗೆ ಬೆರಳು ಹಾಕಿ ಫೋಟೊ ತೆಗೆಸಿಕೊಂಡ ಮೀನು ಬದುಕುವುದು ಅನುಮಾನ.

ನಿಯಮದೊಳಗೆ ಒಂದನ್ನು ಊಟಕ್ಕೆ ಇಟ್ಟುಕೊಂಡರೆ, ತಲೆಗೆ ಒಂದೇ ಏಟು ಕೊಟ್ಟು, ಹೊಳೆಯ ಬಳಿಯೇ ಹೊಟ್ಟೆ ಶುಚಿ ಮಾಡಿ. ಕಸವನ್ನು ನೀರಿಗೆ ಎಸೆಯದೆ ಮಣ್ಣಿನಲ್ಲಿ ಹೂಳಿ. ಹುರುಪೆ ತೀರಾ ಸಣ್ಣದು, ಕೆರೆಯಬೇಕಾಗಿಲ್ಲ. ಗಸಿ ಮಾಡುವ ಆಸೆ ನಮ್ಮವರಿಗೆ ಬರುವುದು ಸಹಜ, ಆದರೆ ಹುಣಸೆ, ಮೆಣಸಿನಲ್ಲಿ ಟ್ರೌಟ್‌ನ ರುಚಿ ಮುಳುಗಿಹೋಗುತ್ತದೆ. ಉಪ್ಪು, ಅರಿಶಿನ ಸವರಿ ಸಾಸಿವೆ ಎಣ್ಣೆಯಲ್ಲಿ ಚರ್ಮ ಗರಿಗರಿಯಾಗುವಂತೆ ಕಾಯಿಸಿ, ಮೇಲೆ ಒಂದಿಷ್ಟು ನಿಂಬೆ ಹಿಂಡಿ.