ಮಳೆಗಾಲಕ್ಕೊಂದು ರೋಯಿಂಗ್ ಮೆಷಿನ್: ಇಂಟರ್ವಲ್ ಲೆಕ್ಕ ಹಾಕುವುದು ಹೇಗೆ?

ಆರಿದ್ರಾ ಮಳೆ ಹಿಡಿಯಿತೆಂದರೆ ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಬೆಳಗಿನ ವಾಕಿಂಗಿನವರು ಕಡಿಮೆಯಾಗುತ್ತಾರೆ, ಜಿಮ್‌ಗಳಲ್ಲಿ ಟ್ರೆಡ್‌ಮಿಲ್‌ಗೆ ಪಾಳಿ ಶುರುವಾಗುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಪುನರ್ವಸು, ಪುಷ್ಯ ಕಳೆಯುವವರೆಗೆ ಹೊರಗೆ ಓಡುವ ಮಾತೇ ಇಲ್ಲ. ಅಷ್ಟಾದರೂ ಕೂತು ದೋಣಿಗೆ ಹುಟ್ಟು ಹಾಕಿದಂತೆ ಎಳೆಯುವ ಮೂಲೆಯ ರೋಯಿಂಗ್ ಮೆಷಿನ್ ಹೆಚ್ಚಾಗಿ ಖಾಲಿಯೇ. ಅದರ ಮೇಲೆ ಯಾರದೋ ಒದ್ದೆ ರೇನ್‌ಕೋಟ್ ಬಿದ್ದಿರುತ್ತದೆ. ಕೂತವರೂ ಎರಡು ನಿಮಿಷ ಜೋರಾಗಿ ಎಳೆದು, ಏದುಸಿರು ಬಿಡುತ್ತಾ ಎದ್ದುಬಿಡುತ್ತಾರೆ. ಲೆಕ್ಕವಿಲ್ಲದೆ ಎಳೆದರೆ ಯಾರದಾದರೂ ಅದೇ ಕತೆ.

ಇಂಟರ್ವಲ್ ಎಂದರೆ ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ, ಮತ್ತೆ ಜೋರು. ಎಷ್ಟು ಸುತ್ತು, ಎಷ್ಟು ವಿಶ್ರಾಂತಿ ಎಂಬುದು ಆಮೇಲಿನ ಮಾತು. ಮೊದಲು ಹಿಡಿಯಬೇಕಾದ ಸೂತ್ರ ಇಷ್ಟು: ಕೊನೆಯ ಸುತ್ತನ್ನು ಯಾವ ವೇಗದಲ್ಲಿ ಮುಗಿಸಬಲ್ಲಿರೋ ಅದೇ ವೇಗದಲ್ಲಿ ಮೊದಲ ಸುತ್ತನ್ನು ಶುರು ಮಾಡಬೇಕು.

ಮೊದಲು ಎಳೆತ ಸರಿಯಾಗಲಿ

ಬಾವಿಯಿಂದ ನೀರು ಸೇದಿ ರೂಢಿಯಿದ್ದವರು ಇಲ್ಲೂ ತೋಳಿನಲ್ಲೇ ಎಳೆಯುತ್ತಾರೆ. ರೋಯಿಂಗಿನಲ್ಲಿ ಮುಖ್ಯ ಕೆಲಸ ಕಾಲಿನದು. ಮಂಡಿ ಮಡಚಿ ಸೀಟು ಮುಂದೆ ಬಂದಾಗ ತೋಳು ನೇರ, ಬೆನ್ನು ನೇರ, ಸೊಂಟದಿಂದ ಮೈ ತುಸು ಮುಂದಕ್ಕೆ. ಪಾದದಿಂದ ಒತ್ತಿ, ಕಾಲು ಬಹುಪಾಲು ಚಾಚಿದ ಮೇಲೆ ಮೈ ತುಸು ಹಿಂದಕ್ಕೆ ಬಾಗಲಿ, ಕಡೆಗೆ ಹ್ಯಾಂಡಲ್ ಪಕ್ಕೆಲುಬಿನ ಕೆಳಭಾಗಕ್ಕೆ ಬರಲಿ. ವಾಪಸ್ಸು ಹೋಗುವಾಗ ಇದೇ ತಿರುಗುಮುರುಗು: ಮೊದಲು ಕೈ, ನಂತರ ಮೈ, ಕೊನೆಗೆ ಕಾಲು. ಹ್ಯಾಂಡಲ್ ಮಂಡಿ ದಾಟುವ ಮೊದಲೇ ಮಂಡಿ ಮೇಲೆದ್ದರೆ ಕೈ ಅದನ್ನು ಹತ್ತಿ ಇಳಿಯಬೇಕಾಗುತ್ತದೆ. ಇದೊಂದನ್ನು ಕನ್ನಡಿಯಲ್ಲಿ ನೋಡಿಕೊಂಡರೆ ಅರ್ಧ ತಪ್ಪು ಅಲ್ಲೇ ಸಿಗುತ್ತದೆ. ಎಳೆಯಲು ಹಿಡಿದ ಹೊತ್ತಿನ ಸುಮಾರು ಎರಡು ಪಟ್ಟು ಹೊತ್ತು ಮುಂದೆ ಬರಲು ಹಿಡಿಯಲಿ. ಇಷ್ಟು ಕೂಡದೆ ಇಂಟರ್ವಲ್‌ಗೆ ಇಳಿದರೆ ಸೊಂಟ ಹಿಡಿದುಕೊಳ್ಳುತ್ತದೆ.

ಗಾಳಿಯಿಂದ ನಡೆಯುವ ಮೆಷಿನ್‌ಗಳ ಪಕ್ಕದಲ್ಲಿ 1ರಿಂದ 10ರವರೆಗಿನ ಡ್ಯಾಂಪರ್ ಕಡ್ಡಿ ಇರುತ್ತದೆ. 10ಕ್ಕೆ ಏರಿಸುವುದೇ ಗಂಡಸ್ತನ ಎಂದುಕೊಂಡವರು ಪ್ರತಿ ಜಿಮ್‌ನಲ್ಲೂ ಸಿಗುತ್ತಾರೆ. ಅದು ಫ್ಲೈವೀಲ್‌ಗೆ, ಅಂದರೆ ಎಳೆದಾಗ ತಿರುಗುವ ಚಕ್ರಕ್ಕೆ, ಹೋಗುವ ಗಾಳಿಯ ಅಳತೆ ಅಷ್ಟೇ. ಹೊಸಬರಿಗೆ 3ರಿಂದ 5 ಸಾಕು. ಜಾಲರಿಯಲ್ಲಿ ಧೂಳು ಕೂತಿದ್ದರೆ ಒಂದು ಮೆಷಿನ್ನಿನ 4 ಇನ್ನೊಂದರ 4ಕ್ಕೆ ಸಮನಾಗಿರುವುದಿಲ್ಲ. ಮಾನಿಟರಿನಲ್ಲಿ ಡ್ರ್ಯಾಗ್ ಫ್ಯಾಕ್ಟರ್ (ಚಕ್ರಕ್ಕೆ ಗಾಳಿ ನಿಜವಾಗಿ ಒಡ್ಡುವ ತಡೆಯ ಅಳತೆ) ತೋರಿಸುವ ಸೌಲಭ್ಯವಿದ್ದರೆ ಅದನ್ನೇ ನಂಬಿ.

ನಿಮ್ಮ ಅಂಕಿ ಯಾವುದು?

ಮಾನಿಟರಿನಲ್ಲಿ ಕಾಣುವ ಸ್ಪ್ಲಿಟ್ ಎಂದರೆ ಈಗಿನ ವೇಗದಲ್ಲಿ 500 ಮೀಟರ್ ಸಾಗಲು ಬೇಕಾಗುವ ಸಮಯ. ಮಾತಾಡುತ್ತಲೇ 20 ನಿಮಿಷ ಎಳೆಯುವಷ್ಟು ಅಭ್ಯಾಸವಾದ ಮೇಲೆ ಒಂದು ದಿನ 2000 ಮೀಟರ್ ಪರೀಕ್ಷೆ ಮಾಡಿಕೊಳ್ಳಿ. ಒಲಿಂಪಿಕ್ಸ್ ರೋಯಿಂಗ್ ಸ್ಪರ್ಧೆಯ ದೂರವೂ ಇದೇ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಬಜರಂಗ್ ಲಾಲ್ ತಾಖರ್ ಸಿಂಗಲ್ ಸ್ಕಲ್ಸ್ (ಒಬ್ಬರೇ ದೋಣಿ ನಡೆಸುವ ಸ್ಪರ್ಧೆ) ಚಿನ್ನ ಗೆದ್ದದ್ದೂ ಇದೇ ದೂರದಲ್ಲಿ. ನಮಗೆ ಪದಕ ಬೇಡ, ಒಂದು ಅಂಕಿ ಸಾಕು. 10 ನಿಮಿಷಕ್ಕೆ ಮುಗಿಸಿದಿರಿ ಎನ್ನೋಣ. ನಿಮ್ಮ ಸರಾಸರಿ ಸ್ಪ್ಲಿಟ್ 2:30.

ಈ ಅಂಕಿಯಿಂದಲೇ ಉಳಿದದ್ದೆಲ್ಲ. 1 ನಿಮಿಷದ ಚಿಕ್ಕ ಸುತ್ತುಗಳನ್ನು 2:30ರಲ್ಲೇ ಎಳೆಯಿರಿ, ನಡುವೆ 1 ನಿಮಿಷ ವಿಶ್ರಾಂತಿ. 3 ಅಥವಾ 4 ನಿಮಿಷದ ದೊಡ್ಡ ಸುತ್ತುಗಳಾದರೆ 5–6 ಸೆಕೆಂಡು ಸಡಿಲ ಬಿಡಿ, ಅಂದರೆ 2:36ರ ಆಸುಪಾಸು. ನಡುವೆ 3 ನಿಮಿಷ ವಿಶ್ರಾಂತಿ. ಸ್ಟ್ರೋಕ್ ರೇಟ್, ಅಂದರೆ ಎಳೆತಗಳ ಸಂಖ್ಯೆ, ನಿಮಿಷಕ್ಕೆ 24ರಿಂದ 28 ಇದ್ದರೆ ಚೆನ್ನ. 34–35ಕ್ಕೆ ಏರಿಯೂ ಸ್ಪ್ಲಿಟ್ ಇಳಿಯದಿದ್ದರೆ ಸೀಟು ಓಡುತ್ತಿದೆ, ಕಾಲು ಒತ್ತುತ್ತಿಲ್ಲ ಎಂದರ್ಥ.

“ಬರೀ 2:30 ಏನು ಸಾರ್, ನಾನು 2:15ರಲ್ಲೇ ಎಳೀತೀನಿ” ಎನ್ನುವವರಿಗೆ ಒಂದು ಲೆಕ್ಕ. ಮೆಷಿನ್ನಿನಲ್ಲಿ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 2:30ಕ್ಕೆ ಸುಮಾರು 104 ವ್ಯಾಟ್ ಬೇಕು, 2:15ಕ್ಕೆ ಸುಮಾರು 142. ವೇಗ ಹೆಚ್ಚಿದ್ದು ಶೇ 11, ದುಡಿಮೆ ಹೆಚ್ಚಿದ್ದು ಶೇ 37! ಮೊದಲ ಸುತ್ತಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಮೊದಲ ಕೆಲವು ಸೆಕೆಂಡು ಸ್ನಾಯುವಿನಲ್ಲಿ ಆಗಲೇ ಕೂಡಿಟ್ಟ ಶಕ್ತಿಯೇ ಖರ್ಚಾಗುತ್ತದೆ. ಎದೆಬಡಿತ ಏರಿ ನಿಲ್ಲುವುದಕ್ಕೆ ನಿಮಿಷದ ಮೇಲೆಯೇ ಬೇಕು. ಹಾಗಾಗಿ ಚಿಕ್ಕ ಸುತ್ತಿನಲ್ಲಿ ಕೈಗಡಿಯಾರದ ಹಾರ್ಟ್‌ರೇಟ್ ನೋಡಿ ವೇಗ ಹೊಂದಿಸಲು ಹೋಗಬೇಡಿ, ಅದು ಯಾವಾಗಲೂ ಒಂದು ಹೆಜ್ಜೆ ಹಿಂದೆ. ನಾಲ್ಕನೇ ಸುತ್ತಿಗೆ ಬರುವಷ್ಟರಲ್ಲಿ ಸಾಲವೆಲ್ಲ ಒಟ್ಟಿಗೆ ವಸೂಲಿಗೆ ಬರುತ್ತದೆ.

ಒಂದು ಬೆಳಗಿನ ಅಭ್ಯಾಸ

ಮೊದಲ 8 ನಿಮಿಷ ಆರಾಮಾಗಿ ಎಳೆಯಿರಿ. ಕೊನೆಯಲ್ಲಿ ಮೂರು ಸಲ, ಹತ್ತತ್ತು ಸ್ಟ್ರೋಕ್ ಜೋರಾಗಿ. ಮಳೆಗಾಲದ ಥಂಡಿಯಲ್ಲಿ ಇದನ್ನು ಬಿಡಲೇಬೇಡಿ. ಆಮೇಲೆ 1 ನಿಮಿಷದ 6 ಸುತ್ತು. ಮೊದಲನೆಯದನ್ನು ಗುರಿಗಿಂತ ಒಂದು ಸೆಕೆಂಡು ನಿಧಾನವಾಗಿಯೇ ಎಳೆಯಿರಿ. ಮಾನಿಟರಿನ ಹೊಸ ವರ್ಕೌಟ್ ಆಯ್ಕೆಯಲ್ಲಿ ಇಂಟರ್ವಲ್ ಸಮಯ, ವಿಶ್ರಾಂತಿ ಎರಡನ್ನೂ ಮೊದಲೇ ತುಂಬಿಸಿಟ್ಟರೆ ಗಡಿಯಾರ ನೋಡುವ ತಾಪತ್ರಯವಿಲ್ಲ. ವಿಶ್ರಾಂತಿಯಲ್ಲಿ ಹ್ಯಾಂಡಲ್ ಬಿಟ್ಟು ಮೊಬೈಲ್ ಹಿಡಿಯಬೇಡಿ, ಹಗುರಾಗಿ ಎಳೆಯುತ್ತಿರಿ. “ಅಣ್ಣಾ, ಆಯ್ತಾ?” ಎಂದು ಪಾಳಿಯಲ್ಲಿದ್ದವನು ಕೇಳುವುದೂ ಸರಿಯಾಗಿ ಈ ಹೊತ್ತಿಗೇ, ಕೈಸನ್ನೆಯಲ್ಲಿ ಉತ್ತರ ಕೊಡಿ. ಕಡೆಗೆ 5 ನಿಮಿಷ ನಿಧಾನ. ಒಟ್ಟು 25 ನಿಮಿಷದೊಳಗೆ ಮೆಷಿನ್ ಬಿಟ್ಟುಕೊಡಬಹುದು.

ಕಡುಬು, ಚಟ್ನಿ ಹೊಡೆದು ನೇರ ಬಂದು ಕೂರಬೇಡಿ. ಮುಂದೆ ಬಾಗುವಾಗ ಹೊಟ್ಟೆ ಒತ್ತುತ್ತದೆ. ಎರಡು ಗಂಟೆಯಾದರೂ ಅಂತರವಿರಲಿ.

ವಾರ, ತಿಂಗಳು

ವಾರಕ್ಕೆ ಎರಡೇ ಇಂಟರ್ವಲ್. ಸೋಮವಾರ ಚಿಕ್ಕದು, ಗುರುವಾರ ದೊಡ್ಡದು, ಶನಿವಾರ ನಿಮಿಷಕ್ಕೆ 18–20 ಸ್ಟ್ರೋಕ್‌ನಲ್ಲಿ ಅರ್ಧ ಗಂಟೆ ನಿರಾಳ. ದಿನಾ ಜೋರು ಎಳೆಯುವವರು ದಿನಾ ಅರೆಜೋರಲ್ಲೇ ಉಳಿಯುತ್ತಾರೆ.

ಚಿಕ್ಕ ಸುತ್ತುಗಳನ್ನು ಮೊದಲ ವಾರ 6, ಎರಡನೇ ವಾರ 8, ಮೂರನೇ ವಾರ 10 ಮಾಡಿ. ನಾಲ್ಕನೇ ವಾರ ಮತ್ತೆ 6ಕ್ಕೆ ಇಳಿದು ಸ್ಪ್ಲಿಟ್ ಅನ್ನು 1–2 ಸೆಕೆಂಡು ಬಿಗಿ ಮಾಡಿ. ದೊಡ್ಡವು 3 ನಿಮಿಷದ 3 ಸುತ್ತಿನಿಂದ 4ಕ್ಕೆ, ಆಮೇಲೆ 4 ನಿಮಿಷದ 3 ಸುತ್ತಿಗೆ. ಸುತ್ತು, ಸಮಯ, ವಿಶ್ರಾಂತಿ, ಸ್ಪ್ಲಿಟ್: ಒಂದು ಸಲಕ್ಕೆ ಒಂದನ್ನೇ ಕಷ್ಟ ಮಾಡಿ. ಪ್ರತಿ ಸುತ್ತಿನ ಸ್ಪ್ಲಿಟ್ ಬರೆದಿಡಿ. ಮೊದಲನೆಯದಕ್ಕೂ ಕೊನೆಯದಕ್ಕೂ 3 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಂದಿನ ವಾರ ಏರಿಸಬೇಡಿ, ಅದನ್ನೇ ಇನ್ನೊಮ್ಮೆ ಮಾಡಿ.

ಬಿಪಿ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಡಿಸ್ಕ್ ನೋವು ಇದ್ದವರು ವೈದ್ಯರನ್ನು ಕೇಳದೆ ಇಂಟರ್ವಲ್‌ಗೆ ಕೈ ಹಾಕಬಾರದು. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಎದೆಬಡಿತದ ಲೆಕ್ಕಗಳು ಹೊಂದುವುದಿಲ್ಲ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಸುತ್ತು ಪೂರ್ತಿ ಮಾಡುವ ಹಟ ಬೇಡ, ಅಲ್ಲೇ ನಿಲ್ಲಿಸಿ.

ಮಲೆನಾಡಿನಲ್ಲಿ ಈ ಮೆಷಿನ್ನಿಗೆ ಇನ್ನೊಂದು ಅನುಕೂಲವಿದೆ. ಗಾಳಿಮಳೆಗೆ ಕರೆಂಟು ಹೋದರೆ ಟ್ರೆಡ್‌ಮಿಲ್ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಜಿಮ್‌ಗಳಲ್ಲಿ ಹೆಚ್ಚಾಗಿ ಕಾಣುವ ಕಾನ್ಸೆಪ್ಟ್2 ಮಾದರಿಯ ಮಾನಿಟರ್ ಬ್ಯಾಟರಿಯಿಂದಲೂ ನೀವೇ ತಿರುಗಿಸುವ ಫ್ಲೈವೀಲ್‌ನಿಂದಲೂ ನಡೆಯುತ್ತದೆ. ಫ್ಯಾನ್ ಮಾತ್ರ ನಿಂತಿರುತ್ತದೆ. ತೇವದ ಗಾಳಿಯಲ್ಲಿ ಬೆವರು ಆರದೆ ಮೈ ಬಿಸಿಯೇರುವುದರಿಂದ ಆ ದಿನ ಎರಡು ಸುತ್ತು ಕಡಿಮೆ ಮಾಡಿ. ಮನೆಯಲ್ಲೇ ಮೆಷಿನ್ ಇಟ್ಟುಕೊಂಡವರು ಪ್ರತಿ ಸಲ ಸೀಟು ಓಡುವ ಪಟ್ಟಿಯನ್ನು ಒಣಬಟ್ಟೆಯಲ್ಲಿ ಒರೆಸಿ. ನಮ್ಮ ಆಷಾಢದ ಥಂಡಿಗೆ ಚೈನು ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ, ಆಗಾಗ ತೆಳುವಾಗಿ ಮಿನರಲ್ ಎಣ್ಣೆ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ.