ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ: ದಾನ ಕೊಡುವಾಗ, ನೆರವು ಕೇಳುವಾಗ ಎದುರಾಗುವ ಪದಗಳು

ಸಹೋದ್ಯೋಗಿಯೊಬ್ಬರು ಯಾವುದೋ ಚಾರಿಟಿಗೆ (ದಾನ ಸಂಸ್ಥೆಗೆ) ಹಣ ಕೂಡಿಸಲು ಮ್ಯಾರಥಾನ್ ಓಡುತ್ತಾರೆ, ‘ಸ್ಪಾನ್ಸರ್ ಮಾಡಿ’ ಎಂದು ಲಿಂಕ್ ಬರುತ್ತದೆ. ಹಣ ಕಟ್ಟುವ ಮುನ್ನ ಅಲ್ಲೊಂದು ಚೌಕವಿರುತ್ತದೆ: ಗಿಫ್ಟ್ ಏಡ್. ಹೊಸಬರಲ್ಲಿ ಕೆಲವರು ಓದದೆಯೇ ಟಿಕ್ ಹಾಕುತ್ತಾರೆ, ಕೆಲವರು ಹೆದರಿ ಬಿಟ್ಟುಬಿಡುತ್ತಾರೆ. ಮೊದಲು ಇದನ್ನು ಅರ್ಥಮಾಡಿಕೊಳ್ಳಿ.

ನೀವು ಕೊಡುವುದು ತೆರಿಗೆ ಕಟ್ಟಿ ಉಳಿದ ಹಣ. ಅದರ ಮೇಲಿನ ಮೂಲ ದರದ ತೆರಿಗೆಯನ್ನು ಸಂಸ್ಥೆ ಸರ್ಕಾರದಿಂದ ವಾಪಸ್ ಪಡೆಯುತ್ತದೆ. ನೀವು 10 ಪೌಂಡ್ ಕೊಟ್ಟರೆ ಸಂಸ್ಥೆಗೆ ಸೇರುವುದು 12.50 ಪೌಂಡ್, ನಿಮ್ಮ ಕೈಯಿಂದ ಒಂದು ಪೆನ್ನಿಯೂ ಹೆಚ್ಚು ಹೋಗುವುದಿಲ್ಲ. ಆದರೆ ಆ ತೆರಿಗೆ ವರ್ಷದಲ್ಲಿ, ಅಂದರೆ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರೊಳಗೆ, ಸಂಸ್ಥೆ ವಾಪಸ್ ಪಡೆಯುವಷ್ಟಾದರೂ ತೆರಿಗೆಯನ್ನು ನೀವು ಇಲ್ಲಿ ಕಟ್ಟಿರಲೇಬೇಕು. ವಿದ್ಯಾರ್ಥಿ ವೀಸಾದಲ್ಲಿದ್ದು ಪೇಸ್ಲಿಪ್ಪಿನಲ್ಲಿ ತೆರಿಗೆ ಕಡಿತವೇ ಕಾಣದಿದ್ದರೆ ಟಿಕ್ ಹಾಕಬೇಡಿ; ಕೊರತೆ ಬಿದ್ದರೆ ತೆರಿಗೆ ಇಲಾಖೆ ಕೇಳುವುದು ನಿಮ್ಮನ್ನೇ. ಗಂಡ ಹೆಂಡತಿಯಲ್ಲಿ ಒಬ್ಬರಷ್ಟೇ ದುಡಿಯುತ್ತಿದ್ದರೆ ಅವರ ಹೆಸರಿನಲ್ಲೇ ಕೊಡಿ. ಇಂಗ್ಲೆಂಡಿನಲ್ಲಿ ಶೇ 40ರ ದರದಲ್ಲಿ ತೆರಿಗೆ ಕಟ್ಟುವವರು 100 ಪೌಂಡ್ ದಾನಕ್ಕೆ 25 ಪೌಂಡನ್ನು, ವರ್ಷದ ತೆರಿಗೆ ಲೆಕ್ಕ ತಾವೇ ಸಲ್ಲಿಸುವ ಸೆಲ್ಫ್ ಅಸೆಸ್‌ಮೆಂಟಿನಲ್ಲಿ ಹಿಂದಕ್ಕೆ ಪಡೆಯಬಹುದು.

ನಮ್ಮವರು ಹೆಚ್ಚಾಗಿ ಎಡವುವುದು ಚಂದಾ ಎತ್ತುವಾಗ. ಹತ್ತು ಮನೆಗಳಿಂದ ತಲಾ 20 ಪೌಂಡ್ ಸೇರಿಸಿ, ಒಬ್ಬರೇ 200 ಪೌಂಡ್ ಕಟ್ಟಿ ತಮ್ಮ ಹೆಸರಿನಲ್ಲಿ ಟಿಕ್ ಹಾಕಿಬಿಡುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ಗಿಫ್ಟ್ ಏಡ್ ಅವರವರ ಸ್ವಂತ ಹಣಕ್ಕೆ ಮಾತ್ರ. ಸಂಸ್ಥೆಯಿಂದ ಸ್ಪಾನ್ಸರ್‌ಶಿಪ್ ಫಾರ್ಮ್ ತರಿಸಿಕೊಂಡು ಪ್ರತಿಯೊಬ್ಬರಿಂದಲೂ ಪೂರ್ತಿ ಹೆಸರು, ಮನೆ ವಿಳಾಸ, ಪೋಸ್ಟ್‌ಕೋಡ್, ಮೊತ್ತ ಬರೆಸಿ, ಟಿಕ್ ಅವರೇ ಹಾಕಲಿ. ಆಫೀಸಿನ ವಿಳಾಸ ನಡೆಯದು. ಎಲ್ಲರೂ ತೆರಿಗೆ ಕಟ್ಟುವವರಾದರೆ ಆ 200 ಪೌಂಡ್ 250 ಆಗುತ್ತದೆ. ಹತ್ತು ನಿಮಿಷದ ಬರವಣಿಗೆಗೆ ಇದು ದೊಡ್ಡ ಮೊತ್ತ. ರಾಜ್ಯೋತ್ಸವದ ಊಟದ ಟಿಕೆಟ್, ಲಾಟರಿ ಚೀಟಿಗೆ ಕೊಟ್ಟದ್ದು ದಾನವಲ್ಲ, ಅದು ಖರೀದಿ.

ಸಂಸ್ಥೆ ನಿಜವಾದದ್ದೇ ಎಂದು ನೋಡಲು ಅದರ ಚಾರಿಟಿ ಸಂಖ್ಯೆ ಕೇಳಿ. ಇಂಗ್ಲೆಂಡ್, ವೇಲ್ಸಿನಲ್ಲಿ ಚಾರಿಟಿ ಕಮಿಷನ್ನಿನ ಜಾಲತಾಣದಲ್ಲಿ ಅದನ್ನು ಹಾಕಿದರೆ ಟ್ರಸ್ಟಿಗಳ ಹೆಸರು, ಆದಾಯ, ಖರ್ಚು ಕಾಣುತ್ತವೆ. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿಗೆ ಬೇರೆ ಪಟ್ಟಿಗಳಿವೆ.

ಭಾರತದಲ್ಲಿರುವ ನಮ್ಮ ಊರಿನ ಟ್ರಸ್ಟ್ ಸಂಸ್ಥೆಗೆ ನೇರವಾಗಿ ಕಳಿಸಿದ ಹಣಕ್ಕೆ ಗಿಫ್ಟ್ ಏಡ್ ಇಲ್ಲ. ದಾನಕ್ಕೆ ತೆರಿಗೆ ರಿಯಾಯಿತಿ ಕೊಡುವ ಭಾರತದ 80ಜಿ ರಸೀದಿ ಇಲ್ಲಿಯ ತೆರಿಗೆಗೆ ಬಾರದು. ಭಾರತದ ಪೌರರಾಗಿಯೇ ಇದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಪಡೆದ ಮೇಲೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಆ ಸಂಸ್ಥೆಗೆ ಭಾರತದ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. ಕಳಿಸುವ ಮುಂಚೆ ಕೇಳಿಕೊಳ್ಳಿ, ಇಲ್ಲದಿದ್ದರೆ ಕಷ್ಟಕ್ಕೆ ಸಿಕ್ಕುವುದು ಪಡೆದವರು.

ಕಷ್ಟದಲ್ಲಿರುವವರಿಗೆ ಉಚಿತವಾಗಿ ದಿನಸಿ ಹಂಚುವ ಫುಡ್ ಬ್ಯಾಂಕಿಗೆ ಕೊಡುವಾಗ 10 ಕೆಜಿ ಅಕ್ಕಿ ಮೂಟೆಗಿಂತ 1 ಕೆಜಿಯ ಪೊಟ್ಟಣಗಳು ಒಳ್ಳೆಯದು, ಹಂಚಲು ಸುಲಭ. ಮನೆಯಲ್ಲಿ ಕವರಿಗೆ ತುಂಬಿದ ಬೇಳೆ, ಸಾಂಬಾರ್ ಪುಡಿ ಬೇಡ: ಅಲರ್ಜಿ ವಿವರ, ದಿನಾಂಕದ ಲೇಬಲ್ ಇಲ್ಲದ್ದನ್ನು ಅವರು ಹಂಚಲಾರರು.

ಇನ್ನು ನೆರವು ಕೇಳುವ ಮಾತು. ಕೆಲಸ ಹೋದಾಗ ಎಷ್ಟೋ ಮನೆಗಳು ಅರೆಹೊಟ್ಟೆಯಲ್ಲಿ ದಿನ ದೂಡುವುದು ವೀಸಾದ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರಿ ನೆರವು ಪಡೆಯುವಂತಿಲ್ಲ) ಎಂಬ ಸಾಲಿಗೆ ಹೆದರಿ. ಆ ಸಾಲು ತಡೆಯುವುದು ಸರ್ಕಾರದ ಭತ್ಯೆಗಳಾದ ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಕೌನ್ಸಿಲ್ ಮನೆಯಂಥವನ್ನು. ಚಾರಿಟಿ ನಡೆಸುವ ಫುಡ್ ಬ್ಯಾಂಕ್ ಪಬ್ಲಿಕ್ ಫಂಡ್ ಅಲ್ಲ. ಅಲ್ಲಿಂದ ಆಹಾರ ಪಡೆದರೆ ವೀಸಾ ಷರತ್ತು ಮುರಿದಂತಾಗುವುದಿಲ್ಲ. ಎಷ್ಟೋ ಕಡೆ ಮೊದಲು ವೋಚರ್ ಬೇಕು. ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ, ಮಕ್ಕಳ ಶಾಲೆ ಅಥವಾ ಜಿಪಿಯನ್ನು (ನಿಮ್ಮ ಸ್ಥಳೀಯ ವೈದ್ಯರನ್ನು) ‘ಫುಡ್ ಬ್ಯಾಂಕ್ ರೆಫರಲ್’ ಬೇಕೆಂದು ಕೇಳಿ. ಸಾಮಾನ್ಯವಾಗಿ ಕನಿಷ್ಠ ಮೂರು ದಿನದ ಆಹಾರ ಸಿಗುತ್ತದೆ. ಡಬ್ಬಿಗಳಲ್ಲಿ ಮೀನು, ಮಾಂಸದ ಸೂಪ್ ಇರುವುದುಂಟು, ಆದ್ದರಿಂದ ಸಸ್ಯಾಹಾರಿಗಳಾದರೆ ವೋಚರ್ ಬರೆಸುವಾಗಲೇ ಹೇಳಿ. ಅಡುಗೆಗೆ ಒಲೆ ಇಲ್ಲದಿದ್ದರೆ ಅದನ್ನೂ ಹೇಳಿ.